ರಿಫ್ಲೆಕ್ಟರ್ ಇದ್ರೆ ಸಾಲಲ್ಲ, ನೇತು ಹಾಕೋ ರೀತಿ ಗೊತ್ತಿರ್ಬೇಕು

ನಮ್ಮ ಹಾಯಿದೋಣಿ ಇರೋದು ಪೋರ್ಟ್ಸ್‌ಮತ್‌ನಲ್ಲಿ, 24 ಅಡಿ ಫೈಬರ್ ಬೋಟು. ಈ ಬೇಸಿಗೇಲಿ ಇಂಗ್ಲಿಷ್ ಚಾನೆಲ್ ದಾಟಿ ಫ್ರಾನ್ಸಿನ ಶೆರ್ಬೂರ್‌ಗೆ ಹೋಗೋಣ ಅಂತ ನಾನೂ ನನ್ನ ಹೆಂಡ್ತೀನೂ ಪ್ಲಾನ್ ಹಾಕಿದ್ದೀವಿ, ಗಾಳಿ ಚೆನ್ನಾಗಿದ್ರೂ 15 ಗಂಟೆ ಹಿಡಿಯುತ್ತೆ, ಅಂದ್ರೆ ಒಂದಷ್ಟು ಹೊತ್ತು ಕತ್ತಲಲ್ಲೇ ಸಾಗ್ಬೇಕು, ಅದೂ ದೊಡ್ಡ ಹಡಗುಗಳು ಸಾಲು ಸಾಲಾಗಿ ಓಡಾಡೋ ದಾರಿಗೆ ಅಡ್ಡವಾಗಿ. ಅದಕ್ಕೇ ರೇಡಾರ್ ರಿಫ್ಲೆಕ್ಟರ್ ಬೇಕು, ಅಂದ್ರೆ ಹಡಗಿನ ರೇಡಾರ್ ಅಲೆನ ವಾಪಸ್ ಕಳಿಸಿ, ನಮ್ಮಂಥ ಪುಟ್ಟ ದೋಣಿನ ಅವರ ಪರದೇಲಿ ಚುಕ್ಕೆಯಾಗಿ ಕಾಣಿಸೋ ಸಾಧನ.

ಇಲ್ಲಿ ದೋಣಿ ಇಟ್ಕೊಂಡಿರೋರಿಗೆಲ್ಲ ಊಝೋ ಹೆಸರು ಗೊತ್ತು. 2006ರ ಆಗಸ್ಟ್‌ನಲ್ಲಿ ಐಲ್ ಆಫ್ ವೈಟ್ ದ್ವೀಪದ ದಕ್ಷಿಣಕ್ಕೆ ರಾತ್ರಿ ಹೋಗ್ತಿದ್ದ ಆ ಪುಟ್ಟ ದೋಣಿ ಮುಳುಗಿ ಅದರಲ್ಲಿದ್ದ ಮೂರೂ ಜನ ತೀರಿಕೊಂಡ್ರು. ಒಂದು ದೊಡ್ಡ ಫೆರ್ರಿ ಗುದ್ದಿರ್ಬೇಕು ಇಲ್ಲಾ ತೀರಾ ಹತ್ತಿರ ಹಾದು ಅದರ ಅಲೆಗೇ ಮುಳುಗಿರ್ಬೇಕು ಅಂತ ತನಿಖೆಯವರು ಹೇಳಿದ್ರು. ಆಮೇಲೆ ಅಂಗಡೀಲಿ ಸಿಗೋ ಕೆಲವು ರಿಫ್ಲೆಕ್ಟರ್‌ಗಳನ್ನ ಟೆಸ್ಟ್ ಮಾಡಿಸಿದಾಗ 4 ಇಂಚಿನ ಟ್ಯೂಬ್ ಥರದ್ದು ನಂಬೋಕಾಗಲ್ಲ ಅಂತ ಗೊತ್ತಾಯ್ತು. ಎಷ್ಟೋ ಜನ ಕಟ್ಕೊಂಡಿದ್ದದ್ದು ಅದನ್ನೇ!

ನಮ್ಮದು ಮೂರು ಅಲ್ಯೂಮಿನಿಯಂ ತಟ್ಟೆ ಒಂದಕ್ಕೊಂದು ಅಡ್ಡ ಕೂರಿಸೋ ಹಳೇ ಕಾಲದ್ದು. ಎಂಟು ಮೂಲೆ ಆಗುತ್ತೆ, ಮೂಲೆಯೊಳಗೆ ಬಿದ್ದ ರೇಡಾರ್ ಅಲೆ ಮೂರೂ ಗೋಡೆಗೆ ಬಡಿದು ಬಂದ ದಿಕ್ಕಿಗೇ ವಾಪಸ್ ಹೋಗುತ್ತೆ. ತಟ್ಟೆ ಒಂಚೂರು ಬಗ್ಗಿದ್ರೂ 90 ಡಿಗ್ರಿ ತಪ್ಪಿ ಕೆಲಸ ಕೆಟ್ಟಂಗೆ. ಸೈಜ್ ವಿಷಯದಲ್ಲಂತೂ ಜಿಪುಣತನ ಬೇಡ, ಅಳತೆ ಡಬಲ್ ಆದ್ರೆ ವಾಪಸ್ ಹೋಗೋ ಸಿಗ್ನಲ್ 16 ಪಟ್ಟು ಆಗುತ್ತೆ.

ಈಗ ನಮ್ಮ ತಪ್ಪು. ತುದೀಲಿ ಒಂದು ತೂತು ಇತ್ತು, ಅದಕ್ಕೇ ಹಗ್ಗ ಪೋಣಿಸಿ ಎರಡು ವರ್ಷದಿಂದ ನೇತು ಹಾಕಿದ್ವಿ. ಹಂಗೆ ಚೂಪು ತುದಿ ಮೇಲೆ ಮಾಡಿದ್ರೆ ಸುತ್ತಲೂ ನೇರ ಸಿಗ್ನಲ್ ಬರೋ ಮಟ್ಟದಲ್ಲಿ ಒಂದು ಮೂಲೇನೂ ಪೂರ್ತಿ ಮುಖ ಕೊಡಲ್ಲ. ಒಂದು ಮೂಲೆ ಬಟ್ಟಲಿನ ಥರ ಆಕಾಶ ನೋಡ್ಬೇಕು, ಸೂರಿನ ಕೆಳಗೆ ಮಳೆನೀರು ಹಿಡಿಯೋಕೆ ಪಾತ್ರೆ ಇಡ್ತೀವಲ್ಲ ಹಂಗೆ, ಆಗ ಉಳಿದದ್ರಲ್ಲಿ ಆರು ಮೂಲೆ ಸುತ್ತಲೂ ನೋಡ್ತವೆ.

ಹೋದ ಭಾನುವಾರ ಆ ಬಟ್ಟಲಿನ ಬಾಯಲ್ಲಿರೋ ಮೂರು ತುದಿಗೂ ತೂತು ಕೊರೆದು, ಮೂರು ಸಮ ಉದ್ದದ ದಾರ ಕಟ್ಟಿ, ಮೇಲೆ ಒಂದೇ ಗಂಟಿಗೆ ಸೇರಿಸ್ದೆ. ಕೆಳಗೂ ಅದೇ ಥರ ಮೂರು, ಇಲ್ಲಾಂದ್ರೆ ಗಾಳಿಗೆ ಗಿರಗಿರ ತಿರುಗಿ ಮಾಸ್ಟಿಗೆ (ಹಾಯಿಕಂಬಕ್ಕೆ) ಬಡಿದು ತಟ್ಟೆ ನೆಗ್ಗುತ್ತೆ. ಚೊಂಬಲ್ಲಿ ನೀರು ತಂದು ಬಟ್ಟಲಿಗೆ ಹುಯ್ದು ನೋಡಿದ್ವಿ, ನೀರು ಮೂರೂ ಅಂಚಿಗೆ ಸಮ ನಿಂತ್ರೆ ಮಟ್ಟ ಸರಿ. "ರೀ, ಈ ಕಡೆ ದಾರ ಒಂದು ಬೆರಳು ಉದ್ದ ಆಯ್ತು ನೋಡಿ" ಅಂದ್ಲು, ಹೌದು, ಬಿಚ್ಚಿ ಮತ್ತೆ ಕಟ್ದೆ. ಮಾಸ್ಟಿನ ಮುಂದುಗಡೆ ಫಿಕ್ಸ್ ಮಾಡೋ ಯೋಚನೆ ಬಿಟ್ವಿ, ದಿಕ್ಕು ಬದಲಿಸೋವಾಗ ಮುಂದಿನ ಹಾಯಿ ಅದಕ್ಕೆ ಸಿಕ್ಕಿ ಹರಿಯುತ್ತೆ. ಸ್ಪ್ರೆಡರ್ (ಮಾಸ್ಟಿನಿಂದ ಪಕ್ಕಕ್ಕೆ ಚಾಚಿರೋ ಅಡ್ಡಕೋಲು) ಕೆಳಗೆ, ಬಾವುಟದ ಹಗ್ಗದಲ್ಲೇ ಏರಿಸಿದ್ವಿ, ನೀರಿಂದ 4 ಮೀಟರ್‌ಗಿಂತ ಮೇಲೇ ಇದೆ.

ಪಕ್ಕದ ಬೋಟಿನವರ ಹತ್ರ ರೇಡಾರ್ ಇದೆ. ಅವರು ಒಂದು ಮೈಲಿ ದೂರ ಹೋಗಿ ನೋಡಿ ರೇಡಿಯೋದಲ್ಲಿ ಹೇಳಿದ್ರು, ಮುಂಚೆ ನಮ್ಮ ಚುಕ್ಕೆ ಬಂದು ಬಂದು ಹೋಗ್ತಿತ್ತಂತೆ, ಈಗ ರೇಡಾರ್ ತಿರುಗೋ ಪ್ರತಿ ಸುತ್ತಿಗೂ ಕಾಣ್ತಿದೆಯಂತೆ. ದೋಣಿ ವಾಲಿದಾಗ ಹೆಂಗೆ ಕಾಣುತ್ತೆ ಅಂತ ಗಾಳಿ ಜೋರಿರೋ ದಿನ ಇನ್ನೊಂದ್ಸಲ ನೋಡ್ಬೇಕು, ಬರೋ ಶನಿವಾರ ಬರ್ತೀನಿ ಅಂದಿದ್ದಾರೆ.