ಒವಿಡ್ ನೋಟ್‌ಬುಕ್, ಆರನೇ ವಾರ: ವೈನ್ ಫ್ರೀಜರ್‌ಗೆ ಹೋಯ್ತು

ಹೋದ್ ವಾರ ಏನೂ ಓದ್ಲಿಲ್ಲ, ಜಂಬೂಸವಾರಿ ನೋಡೋಕೆ ಮನೆ ತುಂಬ ನೆಂಟ್ರು. ಹೊಸಬ್ರಿಗೆ ಇನ್ನೊಂದ್ ಸಲ ಹೇಳ್ಬಿಡ್ತೀನಿ: ರೋಮ್‌ನ ಕವಿ ಒವಿಡ್‌ನ ಅಗಸ್ಟಸ್ ಚಕ್ರವರ್ತಿ ಕ್ರಿ.ಶ. 8ರಲ್ಲಿ ಕಪ್ಪು ಸಮುದ್ರದ ದಡದ ತೋಮಿಸ್‌ಗೆ ಗಡೀಪಾರು ಮಾಡ್ದ, ಯಾಕಪ್ಪಾ ಅಂದ್ರೆ ಒಂದು ಕವನ, ಒಂದು ತಪ್ಪು ಅಂತಾನೆ ಒವಿಡ್, ಆ ತಪ್ಪೇನು ಅಂತ ಮಾತ್ರ ಬಾಯೇ ಬಿಡಲ್ಲ. ಗಡೀಪಾರಾದ್ಮೇಲೆ ಬರ್ದಿದ್ದು ಟ್ರಿಸ್ಟಿಯಾ ಅನ್ನೋ ಗೋಳಿನ ಪದ್ಯಗಳು ಐದು ಭಾಗ, ಪದ್ಯದಲ್ಲೇ ಬರ್ದ ಪಾಂಟಸ್ ಪತ್ರಗಳು ನಾಲ್ಕು ಭಾಗ (ಪಾಂಟಸ್ ಅಂದ್ರೆ ಆ ಕಪ್ಪು ಸಮುದ್ರದ ಕಡೆ). ಗ್ರೀಕರು ಬಂದು ಕಟ್ಟಿದ ಆ ಗಡಿ ಊರಲ್ಲಿ ಜನ ಹೆಂಗ್ ಬದುಕ್ತಿದ್ರು ಅಂತ ಇಂಗ್ಲಿಷ್ ಅನುವಾದದಿಂದ ಹೆಕ್ತಾ ಇದೀನಿ. ಮೂರು ಕಾಲಂ: ಕಣ್ಣಾರೆ ಕಂಡಿದ್ದು, ಯಾರೋ ಹೇಳಿದ್ದು, ಹಳೇ ಕವಿಗಳಿಂದ ಎತ್ತಿದ್ದು.

ಮೂರನೇದೇ ಬೇಗ ತುಂಬ್ತಾ ಇದೆ. ಟ್ರಿಸ್ಟಿಯಾ 3.10ರಲ್ಲಿ (ಅಂದ್ರೆ ಮೂರನೇ ಭಾಗದ ಹತ್ತನೇ ಪದ್ಯ) ಡ್ಯಾನ್ಯೂಬ್ ನದಿ ಹೆಪ್ಪುಗಟ್ಟಿ ಮೇಲೆ ಎತ್ತಿನ ಗಾಡಿ ಓಡಾಡುತ್ತೆ, ವೈನು ಜಾಡಿ ಆಕಾರದಲ್ಲೇ ನಿಂತಿರುತ್ತಂತೆ, ಕುಡಿಯೋದಿಲ್ಲ, ತುಂಡು ಮಾಡಿ ಕೊಡ್ತಾರಂತೆ. ಇವನಿಗಿಂತ ಮುಂಚೆನೇ ರೋಮ್‌ನ ಇನ್ನೊಬ್ಬ ಕವಿ ವರ್ಜಿಲ್, ಕಪ್ಪು ಸಮುದ್ರದ ಉತ್ತರಕ್ಕಿರೋ ಸಿಥಿಯಾ ಬಗ್ಗೆ ಬರೀತಾ ವೈನ್‌ನ ಕೊಡಲೀಲಿ ಕಡೀತಾರೆ ಅಂದಿದಾನೆ, ಸೋ ಅನುಮಾನ. ಆದ್ರೆ ತೋಮಿಸ್ ಅಂದ್ರೆ ಈಗಿನ ರೊಮೇನಿಯಾದ ಕಾನ್‌ಸ್ಟಾಂಟ್ಸಾ, ಬೇಸಿಗೇಲಿ ಬೀಚ್‌ಗೆ ಜನ ಮುಗಿಬೀಳೋ ಊರು, ಅಲ್ಲೇ 2012ರ ಫೆಬ್ರವರೀಲಿ ದಡದ ಸಮುದ್ರನೇ ಹೆಪ್ಪುಗಟ್ಟಿತ್ತು! ನೋಡೇಬಿಡಣ ಅಂತ ಸ್ಟೀಲ್ ಲೋಟದಲ್ಲಿ ರೆಡ್ ವೈನ್ ಹಾಕಿ ಫ್ರೀಜರ್‌ಗಿಟ್ಟೆ. ಬೆಳಿಗ್ಗೆ ಅಮ್ಮ "ಇದೇನೋ ಇದು, ನೇರಳೆ ಹಣ್ಣಿನ ಜ್ಯೂಸಾ?" ಅಂದ್ರು, ನಾನು ಹ್ಞೂಂ ಅಂದೆ. ಬೋರಲು ಹಾಕಿದ್ರೆ ಲೋಟದ ಆಕಾರದಲ್ಲೇ ಬಂತು, ಎರಡ್ ನಿಮಿಷ ನಿಂತು ಆಮೇಲೆ ಗಂಜಿ ತರ ಕುಸೀತು.

ನಂಗೆ ನಿಜವಾಗ್ಲೂ ಸಿಕ್ಕಿದ್ದು ಪಾಂಟಸ್ ಪತ್ರ 3.8. ಸ್ನೇಹಿತನಿಗೆ ಕಳ್ಸೋಕೆ ಇಲ್ಲೇನೂ ಒಳ್ಳೇದ್ ಸಿಗಲ್ಲ, ಬತ್ತಳಿಕೆ ಬಾಣ ಕಳಿಸ್ತೀನಿ ಅಂತ ಗೋಳಾಡ್ತಾ ಮಧ್ಯದಲ್ಲಿ ಹೇಳ್ತಾನೆ: ಇಲ್ಲಿ ಹೆಂಗಸ್ರು ಉಣ್ಣೆ ನೂಲೋದಿಲ್ಲ, ಕಾಳು ಬೀಸ್ತಾರೆ, ತಲೆ ಮೇಲೆ ನೀರು ಹೊರ್ತಾರೆ. ಅಯ್ಯೋ ಪುಣ್ಯಾತ್ಮ, ಮಂಡ್ಯ ಕಡೆ ನಮ್ಮಜ್ಜಿ ನಾಲ್ಕ್ ಗಂಟೆಗೆದ್ದು ರಾಗಿ ಬೀಸಿ, ತಲೆ ಮೇಲೊಂದು ಸೊಂಟದಲ್ಲೊಂದು ಕೊಡ ಇಟ್ಕೊಂಡು ಬರ್ತಿದ್ರು, ಅದ್ರಲ್ಲಿ ಅಳೋಂಥದ್ದೇನಿದೆ? (ಅಜ್ಜಿ ಇದ್ದಿದ್ರೆ ಅದಕ್ಕೆ ಬೇರೆ ಉತ್ತರ ಕೊಡ್ತಿದ್ರೇನೋ.) ಚಳಿ, ಬಾಣ ಅಂತ ಅಬ್ಬರಿಸೋವಾಗ ನಂಬೋದು ಕಷ್ಟ, ಹಿಂಗೆ ಬಾಯ್ತಪ್ಪಿ ಬಂದಿದ್ದನ್ನ ಕಣ್ಮುಚ್ಚಿ ಮೊದಲನೇ ಕಾಲಂಗೆ ಹಾಕ್ದೆ. ಊರೊಳಗೆ ಗ್ರೀಕರ ಜೊತೆ ಆ ಕಡೆಯ ಬುಡಕಟ್ಟು ಗೇಟೆ ಜನಾನೂ ಇದ್ರು, ಗ್ರೀಕರೂ ಪರ್ಶಿಯನ್ ಪ್ಯಾಂಟ್ ಹಾಕ್ತಿದ್ರು ಅನ್ನೋದೂ ಅಲ್ಲೇ ಹೋಯ್ತು, ಅದು ಟ್ರಿಸ್ಟಿಯಾ 5.10.

ನಿನ್ನೆ ಪಾಂಟಸ್ ಪತ್ರ 4.14ಕ್ಕೆ ಬಂದೆ. ಇವನ ಪದ್ಯದ ವಿಷಯ ಊರಿನವ್ರ ಕಿವಿಗೆ ಬಿದ್ದು ಸಿಟ್ಟಾಗಿದಾರೆ! ಬೈದಿದ್ದು ನಿಮ್ ಚಳೀನ, ನಿಮ್ಮನ್ನಲ್ಲ ಅಂತ ಸಮಾಧಾನ ಮಾಡ್ತಾನೆ, ಅದೇ ಜನ ತನಗೆ ತೆರಿಗೆ ಬೇರೆ ಬಿಟ್ಟಿದ್ರು ಅಂತಾನೂ ಒಪ್ಕೋತಾನೆ. ಅದಕ್ಕೆ ನಾಲ್ಕನೇ ಕಾಲಂ ಒಂದು ಗೆರೆ ಎಳೆದೆ, ಊರಿನವ್ರ ಮಾತು ಅಂತ. ಸದ್ಯಕ್ಕೆ ಅದ್ರಲ್ಲಿ ಒಂದೇ ಸಾಲು.