ಟಾಮ್ ಬಾಂಬಡಿಲ್ ಇಲ್ಲದಿದ್ದರೆ ಏನಾಯ್ತು?

ನನಗೆ ಫ್ಯಾಂಟಸಿ ಕಾದಂಬರಿಗಳ ಹುಚ್ಚಿದೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ ಪ್ರಶ್ನೆ: "ಪುಸ್ತಕ ಚೆನ್ನಾಗಿದೆಯಾ, ಸಿನಿಮಾ ಚೆನ್ನಾಗಿದೆಯಾ?" ಹೆಚ್ಚಾಗಿ ಕೇಳುವುದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬಗ್ಗೆ, ಇಲ್ಲವೇ ಹ್ಯಾರಿ ಪಾಟರ್ ಬಗ್ಗೆ. "ಪುಸ್ತಕವೇ" ಅಂದುಬಿಟ್ಟರೆ ಅವರಿಗೂ ಸಮಾಧಾನ, ನನಗೂ ಕೆಲಸ ಕಮ್ಮಿ. ಆದರೆ ಅದು ಪೂರ್ತಿ ನಿಜವಲ್ಲ.

ಪುಸ್ತಕ ಓದಿದವರು ಸಿನಿಮಾಗೆ ಹೋದರೆ ಒಂದು ಚಾಳಿ ಇರುತ್ತದೆ. ಕೂತಲ್ಲೇ ಲೆಕ್ಕ ಶುರು. 'ರಿಂಗ್ಸ್' ಪುಸ್ತಕದ ಕಾಡಿನಲ್ಲಿ ಹಾಡಿಕೊಂಡಿರುವ ಟಾಮ್ ಬಾಂಬಡಿಲ್ ಎಲ್ಲಿ? ಹಾಗ್ವರ್ಟ್ಸ್‌ನ ತರ್ಲೆ ಭೂತ, ಹ್ಯಾರಿಯ ಶಾಲೆಯ ಪೀವ್ಸ್ ಎಲ್ಲಿ? ಸಾವಿರ ಪುಟ ಮೂರು ಗಂಟೆಗೆ ಇಳಿಯುವಾಗ ಕತ್ತರಿ ಆಡಲೇಬೇಕು. ಹಾಗಾಗಿ ಬಿಟ್ಟದ್ದರ ಪಟ್ಟಿ ಮಾಡಿ ಏನೂ ಸಿಗುವುದಿಲ್ಲ.

ನಾನು ನೋಡುವುದು ಇಷ್ಟು. ಒಳ್ಳೆಯ ಫ್ಯಾಂಟಸಿಯಲ್ಲಿ ಮಾಯೆ ಬಿಟ್ಟಿ ಸಿಗುವುದಿಲ್ಲ. ಯಾರಾದರೂ ಅದಕ್ಕೆ ಬೆಲೆ ತೆರುತ್ತಾರೆ. ಸಿನಿಮಾ ಮಾಡಿದವರು ಆ ಬೆಲೆಯನ್ನು ಉಳಿಸಿಕೊಂಡರಾ, ಮನ್ನಾ ಮಾಡಿಬಿಟ್ಟರಾ? ನನಗೆ ಅದಷ್ಟೇ ಮುಖ್ಯ.

ಮೊದಲು 'ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕೀನ್. ಪುಸ್ತಕ ಬಂದದ್ದು 1954-55ರಲ್ಲಿ, ಪೀಟರ್ ಜಾಕ್ಸನ್ ಸಿನಿಮಾಗಳು 2001, 2002, 2003ರಲ್ಲಿ. ಒಂದು ತಮಾಷೆಯ ವಿಷಯ ಇದೆ. ಯಾರೋ ಇದನ್ನು ಸಿನಿಮಾ ಮಾಡಲು ಹೊರಟು ಚಿತ್ರಕಥೆ ಕಳಿಸಿದಾಗ ಟೋಲ್ಕೀನ್ 1958ರಲ್ಲಿ ಒಂದು ಖಾರವಾದ ಪತ್ರ ಬರೆದರು. ಎಂಟ್ ಎಂಬ ಮರದ ಜೀವಿಗಳ ಕಥೆ, ಹೆಲ್ಮ್ಸ್ ಡೀಪ್ ಕೋಟೆಯ ಯುದ್ಧ, ಎರಡಕ್ಕೂ ಸರಿಯಾಗಿ ಜಾಗ ಕೊಡಲು ಆಗದಿದ್ದರೆ ಯುದ್ಧವನ್ನೇ ಬಿಡಿ, ಮುಖ್ಯ ಕಥೆಗೆ ಅದು ಅಷ್ಟೇನೂ ಬೇಕಿಲ್ಲ ಅಂದರು. ಜಾಕ್ಸನ್ ಮಾಡಿದ್ದೇನು? ಪುಸ್ತಕದಲ್ಲಿ ಒಂದೇ ಅಧ್ಯಾಯ ಇರುವ ಆ ಯುದ್ಧ ಎರಡನೇ ಸಿನಿಮಾದ ತುತ್ತತುದಿ ಆಯಿತು! ಮಳೆ, ಕತ್ತಲೆ, ಏಣಿಗಳು, ಸಿಡಿದು ಬೀಳುವ ಗೋಡೆ. ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಹೋಗಲಿ, ಯುದ್ಧ ಉದ್ದವಾಯಿತು ಅಷ್ಟೇ. ಅದಕ್ಕಿಂತ ದೊಡ್ಡ ಬದಲಾವಣೆ ಕೊನೆಯಲ್ಲಿದೆ. ಪುಸ್ತಕದಲ್ಲಿ ಎಲ್ಲರನ್ನೂ ಕೆಡಿಸುವ ಮಾಯಾ ಉಂಗುರ ನಾಶವಾದ ಮೇಲೆ, ಅದನ್ನು ಹೊತ್ತು ಹೋಗಿದ್ದ ಫ್ರೋಡೊ, ಸ್ಯಾಮ್ ಮತ್ತು ಇಬ್ಬರು ಗೆಳೆಯರು ತಮ್ಮೂರು ಶೈರ್‌ಗೆ ವಾಪಸ್ ಬರುತ್ತಾರೆ. ಊರು ಊರಾಗಿ ಉಳಿದಿಲ್ಲ. ಮರಗಳನ್ನು ಕಡಿದುಹಾಕಿದ್ದಾರೆ. ಗೋಡೆ ಗೋಡೆಗೂ ಹೊಸ ನಿಯಮಗಳ ಪಟ್ಟಿ. ಎಲ್ಲದರ ಹಿಂದೆ ಇರುವವನು ಸೋತು ಓಡಿಬಂದ ಮಾಂತ್ರಿಕ ಸರೂಮಾನ್. ಜಗತ್ತು ಉಳಿಸಿ ಬಂದವರು ತಮ್ಮ ಮನೆಗಾಗಿ ಮತ್ತೆ ಹೊಡೆದಾಡಬೇಕು. ಸಿನಿಮಾದಲ್ಲಿ ಇದು ಇಲ್ಲವೇ ಇಲ್ಲ. ಗೆದ್ದು ಬಂದ ನಾಲ್ವರು ಊರಿನ ಪಬ್‌ನಲ್ಲಿ ಸುಮ್ಮನೆ ಕೂರುತ್ತಾರೆ. ಸುತ್ತ ಗಲಾಟೆ, ನಗು. ಇವರು ಎಲ್ಲಿಗೆ ಹೋಗಿದ್ದರು ಅಂತ ಯಾರೂ ಕೇಳುವುದಿಲ್ಲ. ನಾಲ್ವರೂ ಮುಖ ಮುಖ ನೋಡಿಕೊಂಡು ಮಗ್ ಎತ್ತುತ್ತಾರೆ.

ಆ ಅಧ್ಯಾಯ ಬಿಟ್ಟದ್ದಕ್ಕೆ ನನಗೆ ಬೇಜಾರಿದೆ. ಆದರೂ ಆ ಪಬ್ ದೃಶ್ಯಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಪುಸ್ತಕ ಹೇಳಿದ್ದು, ಯುದ್ಧ ನಿಮ್ಮ ಮನೆಯನ್ನೂ ಬಿಡುವುದಿಲ್ಲ ಅಂತ. ಸಿನಿಮಾ ಹೇಳಿದ್ದು, ಮನೆ ಹಾಗೇ ಇದ್ದರೂ ನೀವು ಹಾಗೇ ಇರುವುದಿಲ್ಲ ಅಂತ. ಎರಡರಲ್ಲೂ ಫ್ರೋಡೊನ ಗಾಯ ಮಾಯುವುದಿಲ್ಲ, ಎರಡರಲ್ಲೂ ಅವನು ಹಡಗು ಹತ್ತಿ ಹೊರಟುಹೋಗುತ್ತಾನೆ. ದಾರಿ ಬೇರೆಯಾದರೂ ಬೆಲೆ ಪೂರ್ತಿ ಸಂದಾಯ ಆಯಿತು.

ದಾರಿಯಲ್ಲಿ ಫ್ರೋಡೊಗೆ ಎದುರಾಗುವ ಸೇನಾನಿ ಫಾರಮಿರ್ ವಿಷಯದಲ್ಲಿ ಮಾತ್ರ ನನ್ನ ಜಗಳ ಇನ್ನೂ ಮುಗಿದಿಲ್ಲ. ಪುಸ್ತಕದಲ್ಲಿ ಅವನು, ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರ ನನಗೆ ಬೇಡ ಅನ್ನುತ್ತಾನೆ. ಸಿನಿಮಾದಲ್ಲಿ ಫ್ರೋಡೊನನ್ನು ಹಿಡಿದು ಪಾಳುನಗರ ಆಸ್ಗಿಲಿಯಾತ್‌ವರೆಗೂ ಎಳೆದುಕೊಂಡು ಹೋಗುತ್ತಾನೆ, ಆಮೇಲೆ ಬಿಡುತ್ತಾನೆ. ಚಿತ್ರಕಥೆ ಬರೆದವರು ಕೊಟ್ಟ ಕಾರಣ: ಉಂಗುರ ಎಲ್ಲರನ್ನೂ ಕೆಡಿಸುತ್ತದೆ ಅಂತ ಅಷ್ಟು ಹೊತ್ತು ತೋರಿಸಿ, ಒಬ್ಬ ಆರಾಮಾಗಿ ಬೇಡ ಅಂದರೆ ಪ್ರೇಕ್ಷಕರ ಭಯ ಹೋಗಿಬಿಡುತ್ತದೆ. ಸಿನಿಮಾದ ಲೆಕ್ಕದಲ್ಲಿ ಇದು ಸರಿಯೇ. ಆದರೆ ಆಸೆ ಇಲ್ಲದ ಒಬ್ಬ ಮನುಷ್ಯನೂ ಈ ಲೋಕದಲ್ಲಿ ಇರಬಹುದು ಅನ್ನುವ ನಂಬಿಕೆ ಹೋಯಿತಲ್ಲ!

ಅದೇ ಜಾಕ್ಸನ್ 'ದಿ ಹಾಬಿಟ್' ಮಾಡಿದಾಗ ಉಲ್ಟಾ ಆಯಿತು. 1937ರ ಆ ಪುಸ್ತಕ ಸುಮಾರು 300 ಪುಟ, ಮಕ್ಕಳಿಗಾಗಿ ಬರೆದದ್ದು. 2012ರಿಂದ 2014ರವರೆಗೆ ಅದರಿಂದ ಮೂರು ಸಿನಿಮಾ ಬಂದವು, ಒಟ್ಟು ಹತ್ತಿರ ಹತ್ತಿರ ಎಂಟು ಗಂಟೆ. ಪುಸ್ತಕದಲ್ಲಿ ಇಲ್ಲದ ಟೌರಿಯಲ್ ಎಂಬ ಎಲ್ಫ್ ಯೋಧೆ ಬಂದಳು, ಒಂದು ಪ್ರೇಮಕಥೆ ಬಂತು, 'ರಿಂಗ್ಸ್' ಕಥೆಯ ಲೆಗೊಲಾಸ್ ಕೂಡ ಬಂದ. ಕೊನೆಯ ಮಹಾಯುದ್ಧದಲ್ಲಿ ಟೋಲ್ಕೀನ್ ಏನು ಮಾಡಿದರು ಗೊತ್ತಾ? ಕಥಾನಾಯಕ ಬಿಲ್ಬೊನ ತಲೆಗೆ ಒಂದು ಕಲ್ಲು ಬೀಳುವಂತೆ ಮಾಡಿ ಅವನ ಪ್ರಜ್ಞೆ ತಪ್ಪಿಸಿಬಿಟ್ಟರು. ಎಚ್ಚರ ಆದಾಗ ಎಲ್ಲ ಮುಗಿದಿದೆ. ಮೊದಲ ಮಹಾಯುದ್ಧದಲ್ಲಿ 1916ರ ಸೋಮ್ ಕಾಳಗವನ್ನು ಕಣ್ಣಾರೆ ಕಂಡವರು ಅವರು. ಅವರಿಗೆ ಬೇಕಿದ್ದದ್ದು ಯುದ್ಧ ಮುಗಿದ ಮೇಲೆ ಸಾಯುತ್ತಾ ಮಲಗಿರುವ ಕುಬ್ಜರ ನಾಯಕ ಥೋರಿನ್, ಅವನ ಪಕ್ಕ ಕೂತ ಪುಟ್ಟ ಬಿಲ್ಬೊ. ಮೂರನೇ ಸಿನಿಮಾದ ಹೆಸರೇ ಆ ಯುದ್ಧದ್ದು! ಥೋರಿನ್ ಸಾಯುವ ದೃಶ್ಯ ಅಲ್ಲೂ ಇದೆ. ಆದರೆ ಅಷ್ಟು ಹೊತ್ತಿಗೆ ನಮಗೆ ಸಾಕಾಗಿ ಹೋಗಿರುತ್ತದೆ.

ಬೆಲೆಯನ್ನು ನಿಜವಾಗಿ ಮನ್ನಾ ಮಾಡಿದ ಸಿನಿಮಾ ಅಂದರೆ 'ದಿ ನೆವರ್‌ಎಂಡಿಂಗ್ ಸ್ಟೋರಿ'. ಜರ್ಮನ್ ಲೇಖಕ ಮಿಖಾಯೆಲ್ ಎಂಡೆ ಬರೆದದ್ದು 1979ರಲ್ಲಿ, ವೋಲ್ಫ್‌ಗಾಂಗ್ ಪೀಟರ್ಸನ್ ಸಿನಿಮಾ ಮಾಡಿದ್ದು 1984ರಲ್ಲಿ. ಬಾಸ್ಟಿಯನ್ ಅನ್ನುವ ಹುಡುಗ ಪುಸ್ತಕ ಓದುತ್ತಾ ಓದುತ್ತಾ ಅದರೊಳಗೇ ಸೇರಿಕೊಳ್ಳುತ್ತಾನೆ. ಸಿನಿಮಾ ಸುಮಾರು ಅರ್ಧ ಪುಸ್ತಕಕ್ಕೇ ನಿಲ್ಲುತ್ತದೆ. ಕೊನೆಯಲ್ಲಿ ಹುಡುಗ ಬಿಳಿ ಡ್ರ್ಯಾಗನ್ ಮೇಲೆ ಕೂತು ತನ್ನೂರಿನ ಪುಂಡ ಹುಡುಗರನ್ನು ಅಟ್ಟಾಡಿಸುತ್ತಾನೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಆದರೆ ಪುಸ್ತಕದಲ್ಲಿ ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ. ಅಲ್ಲಿ ಹುಡುಗ ಕೇಳಿದ್ದೆಲ್ಲ ಸಿಗುತ್ತದೆ, ಆದರೆ ಒಂದೊಂದು ಆಸೆಗೂ ಅವನ ಒಂದೊಂದು ನೆನಪು ಹೋಗುತ್ತದೆ. ಕೊನೆಗೆ ತನ್ನ ಹೆಸರೂ ಮರೆತುಹೋಗುತ್ತದೆ. ಎಂಡೆಗೆ ಸಿನಿಮಾ ಎಷ್ಟು ಸಿಟ್ಟು ತರಿಸಿತೆಂದರೆ ಕೋರ್ಟಿಗೇ ಹೋದರು, ಸೋತರು. ಉಳಿದ ಅರ್ಧದ ಕೆಲವು ಎಳೆಗಳು 1990ರ ಎರಡನೇ ಭಾಗದಲ್ಲಿ ಬಂದವು. ಅದನ್ನು ನೀವು ನೋಡದಿದ್ದರೂ ನಡೆಯುತ್ತದೆ.

ಹ್ಯಾರಿ ಪಾಟರ್ ಬಗ್ಗೆ ಒಂದೇ ಮಾತು. ಕೊನೆಯ ಪುಸ್ತಕದಲ್ಲಿ ಖಳನಾಯಕ ವೋಲ್ಡೆಮಾರ್ಟ್ ಎಲ್ಲರೂ ನೋಡುತ್ತಿರುವಾಗ ಸಾಯುತ್ತಾನೆ, ಸಾಮಾನ್ಯ ಮನುಷ್ಯನ ಹೆಣದ ಹಾಗೆ ನೆಲಕ್ಕೆ ಬೀಳುತ್ತಾನೆ. ಸಾವನ್ನು ಗೆಲ್ಲಲು ಹೊರಟವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. 2011ರ ಸಿನಿಮಾದಲ್ಲಿ ಅವನು ಚೂರು ಚೂರಾಗಿ ಗಾಳಿಯಲ್ಲಿ ಹಾರಿಹೋಗುತ್ತಾನೆ. ನೋಡಲು ಚೆಂದ, ಅಷ್ಟೇ.

ಇನ್ನು ಸಿನಿಮಾವೇ ಬೆಲೆ ಜಾಸ್ತಿ ಮಾಡಿದ ಉದಾಹರಣೆ ಇದೆಯಾ? ಇದೆ. ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್' 1986ರ ಕಾದಂಬರಿ. ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಜಾಕಿ 2004ರಲ್ಲಿ ಅದನ್ನು ಹೆಚ್ಚುಕಡಿಮೆ ಬಿಚ್ಚಿ ಮತ್ತೆ ಹೊಲಿದರು. ಪುಸ್ತಕದಲ್ಲಿ ಮಾಂತ್ರಿಕ ಹೌಲ್ ನಮ್ಮದೇ ಲೋಕದ ವೇಲ್ಸ್‌ನವನು. ಸಿನಿಮಾದಲ್ಲಿ ವೇಲ್ಸ್ ಇಲ್ಲ, ಅದರ ಬದಲು ಊರುಗಳನ್ನು ಸುಡುವ ಯುದ್ಧ ಬಂದಿದೆ. ಪಟ್ಟಿ ಮಾಡುವವರಿಗೆ ಇದು ಹಬ್ಬ. ಆದರೆ ಶಾಪದಿಂದ ಮುದುಕಿಯಾದ ಸೋಫಿಯನ್ನು ನೋಡಿ. ಕಾದಂಬರಿಯಲ್ಲಿ ಹೌಲ್ ಗುಟ್ಟಾಗಿ ಶಾಪ ಬಿಡಿಸಲು ನೋಡುತ್ತಾನೆ, ಆಗುವುದಿಲ್ಲ. ಇವಳಿಗೇ ಈ ಮುದುಕಿ ವೇಷ ಇಷ್ಟ ಇರಬೇಕು ಅಂದುಕೊಳ್ಳುತ್ತಾನೆ. ಮಿಯಾಜಾಕಿ ಆ ಮಾತನ್ನು ಎಲ್ಲೂ ಆಡಿಸುವುದಿಲ್ಲ. ಸೋಫಿ ನಿದ್ದೆ ಹೋದಾಗ ಹುಡುಗಿ, ಧೈರ್ಯದಿಂದ ಮಾತಾಡುವಾಗ ಹುಡುಗಿ, ನಾನೇನು ಚೆಂದ ಇಲ್ಲ ಅಂದ ಕೂಡಲೇ ಮತ್ತೆ ಮುದುಕಿ. ಯಾರೂ ವಿವರಣೆ ಕೊಡುವುದಿಲ್ಲ, ನಾವೇ ಕಂಡುಕೊಳ್ಳಬೇಕು. ಶಾಪ ಹೋದ ಮೇಲೆ ಪುಸ್ತಕದ ಸೋಫಿಗೆ ಕೆಂಬಣ್ಣದ ಕೂದಲು ವಾಪಸ್ ಸಿಗುತ್ತದೆ. ಸಿನಿಮಾದ ಸೋಫಿಯ ಕೂದಲು ಬೆಳ್ಳಿಯಾಗಿಯೇ ಉಳಿಯುತ್ತದೆ. ಲೇಖಕಿಗೂ ಸಿನಿಮಾ ಇಷ್ಟವಾಗಿತ್ತು.

ಇಷ್ಟು ಹೇಳಿದ ಮೇಲೂ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ಸರಿ, ಯಾವುದು ಮೊದಲು?" ಹಾಬಿಟ್ ಆದರೆ ಪುಸ್ತಕ, ಮಕ್ಕಳಿದ್ದರೆ ರಾತ್ರಿ ಗಟ್ಟಿಯಾಗಿ ಓದಿ ಹೇಳಿ. ಎಂಡೆಯದೂ ಪುಸ್ತಕವೇ. ಹೌಲ್ ಆದರೆ ಮೊದಲು ಸಿನಿಮಾ ನೋಡಿ, ಆಮೇಲೆ ಪುಸ್ತಕ ತೆರೆದಾಗ ವೇಲ್ಸ್ ಎದುರಾಗಿ ಗಾಬರಿ ಆಗುವ ಖುಷಿಯೇ ಬೇರೆ. ಲಾರ್ಡ್ ಆಫ್ ದಿ ರಿಂಗ್ಸ್‌ಗೆ ಮೊದಲ ಸಿನಿಮಾ ನೋಡಿ, ಹಿಡಿಸಿದರೆ ಎರಡನೆಯದಕ್ಕೆ ಹೋಗುವ ಮುಂಚೆ ಪುಸ್ತಕ ಕೈಗೆತ್ತಿಕೊಳ್ಳಿ. ಫಾರಮಿರ್‌ನನ್ನು ನೀವು ಮೊದಲು ಭೇಟಿಯಾಗಬೇಕಾದದ್ದು ಅಲ್ಲಿ.