ತೂಕ ನೋಡಿದೆ, ತಟ್ಟೆ ನೋಡಲಿಲ್ಲ

ರಾಯಚೂರಿನಲ್ಲಿ ಡಯಟೀಷಿಯನ್ ಆಗಿ ಒಂಬತ್ತು ವರ್ಷವಾಯಿತು. ತೂಕ ಇಳಿಸಲು ಬರುವವರೇ ಜಾಸ್ತಿ. ನಾನು ಚಾರ್ಟ್ ಬರೆಯುವ ರೀತಿ ಬದಲಾಗಿದ್ದು ಒಬ್ಬ ಅಕ್ಕನಿಂದ.

ಅವರಿಗೆ 52 ವರ್ಷ. ಮುಟ್ಟು ನಿಂತು ಮೂರು ವರ್ಷವಾಗಿತ್ತು. 78 ಕೆಜಿ ಇದ್ದವರು ಮೂರು ತಿಂಗಳಲ್ಲಿ 67ಕ್ಕೆ ಇಳಿದರು. ಬಂದಾಗಲೆಲ್ಲ ತೂಕ ನೋಡಿ, ಭೇಷ್ ಅಂದು ಕಳಿಸುತ್ತಿದ್ದೆ. ನಾಲ್ಕನೇ ತಿಂಗಳು ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದರು. ಬಚ್ಚಲಲ್ಲಿ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟಿನ ಎಲುಬು ಮುರಿದಿತ್ತು.

ಅವತ್ತೇ ಮೊದಲ ಸಲ ಕೂರಿಸಿಕೊಂಡು, ಬೆಳಗಿನಿಂದ ರಾತ್ರಿವರೆಗೆ ಏನೇನು ತಿನ್ನುತ್ತೀರಿ ಎಂದು ಕೇಳಿದೆ. "ನೀವು ಹೇಳಿದಂಗ ಎಲ್ಲಾ ಬಿಟ್ಟೀನ್ರಿ ಮೇಡಂ" ಅಂದರು. ಮೊಸರು ಬಿಟ್ಟಿದ್ದರು, ಕೊಬ್ಬು ಅಂತ. ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ ಬಿಟ್ಟಿದ್ದರು, ಎಣ್ಣೆಕಾಳು ಅಂತ. ಹಾಲಿನ ಚಹಾ ಹೋಗಿ ಕರಿ ಚಹಾ ಬಂದಿತ್ತು. ರಾತ್ರಿ ಬರೀ ಸೌತೆಕಾಯಿ. ಉಳಿದದ್ದು ಮಧ್ಯಾಹ್ನದ ಒಂದು ಜೋಳದ ರೊಟ್ಟಿ, ಒಂದಿಷ್ಟು ಪಲ್ಯ. ನನ್ನ ಚಾರ್ಟಿನಲ್ಲಿ 'ಕೊಬ್ಬು, ಎಣ್ಣೆ ಕಡಿಮೆ ಮಾಡಿ' ಎಂದಿತ್ತು. ಏನನ್ನು ಬಿಡಬಾರದು ಎಂದು ಎಲ್ಲೂ ಬರೆದಿರಲಿಲ್ಲ. ತಪ್ಪು ನನ್ನದು.

ಚಾರ್ಟಿನಿಂದಲೇ ಎಲುಬು ಮುರಿಯಿತು ಎನ್ನಲಾರೆ. ಮುಟ್ಟು ನಿಂತ ಮೇಲೆ ಎಲುಬು ಕಾಯುವ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿದು ಎಲುಬು ಹೇಗೂ ಸವೆಯುತ್ತದೆ. ಆದರೆ ಸರಿಯಾಗಿ ಆ ಕಾಲದಲ್ಲೇ ಅವರ ತಟ್ಟೆಯಿಂದ ಕ್ಯಾಲ್ಸಿಯಂ, ಪ್ರೋಟೀನ್ ಎರಡೂ ಹೋಗಿದ್ದವು.

ಮೈಭಾರ ಹೊರುವುದೇ ಎಲುಬಿಗೆ ಕಸರತ್ತು. ಭಾರ ಇಳಿದರೆ ಆ ಕಸರತ್ತೂ ಇಳಿಯುತ್ತದೆ. ಊಟ ತೀರಾ ಕಡಿಮೆಯಾದರೆ ಕರುಳು ಕ್ಯಾಲ್ಸಿಯಂ ಹೀರುವುದೂ ಕುಗ್ಗುತ್ತದೆ. ಪ್ರೋಟೀನ್ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೈತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದಾಗ ಸೊಂಟದ ಎಲುಬಿನ ಸಾಂದ್ರತೆ ಶೇ. 1ರಿಂದ 2ರಷ್ಟು ಇಳಿಯಬಹುದು. ಆಮೇಲೆ ತೂಕ ಮತ್ತೆ ಏರಿದರೂ ಹೋದ ಎಲುಬು ಪೂರ್ತಿ ವಾಪಸ್ ಬರದೇ ಇರಬಹುದು. ನನಗೆ ಹೆಚ್ಚು ಭಯ ಇರುವುದು ಇದರದ್ದೇ. ತೂಕ ಇಳಿಸಿ, ಏರಿಸಿ, ಮತ್ತೆ ಇಳಿಸುವವರು ಎಷ್ಟು ಜನ ಇದ್ದಾರೆ ಅಲ್ವಾ?

ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ನಮ್ಮದು ಜೋಳದ ಸೀಮೆ. ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 30 ಮಿ.ಗ್ರಾಂ, ಅಷ್ಟೇ ರಾಗಿಯಲ್ಲಿ ಸುಮಾರು 350. ಹಾಗಂತ ರೊಟ್ಟಿ ಬಿಡಬೇಕಿಲ್ಲ. ರೊಟ್ಟಿಯ ಪಕ್ಕದಲ್ಲಿರುವ ಮೊಸರು, ಗುರೆಳ್ಳು, ಎಳ್ಳು, ಸೊಪ್ಪು, ಕಾಳು ಇವೇ ಆ ಕೊರತೆ ತುಂಬುವುದು. ಡಯಟ್ ಅಂದ ಕೂಡಲೇ ಜನ ಮೊದಲು ಬಿಡುವುದೂ ಇವನ್ನೇ.

ಹಾಲಿನ ಕೆನೆ ತೆಗೆದರೆ ಕೊಬ್ಬು ಹೋಗುತ್ತದೆ, ಕ್ಯಾಲ್ಸಿಯಂ ಹೋಗುವುದಿಲ್ಲ. ಇಷ್ಟನ್ನು ಮೊದಲೇ ಹೇಳಿದ್ದರೆ ಆ ಅಕ್ಕ ಮೊಸರು ಬಿಡುತ್ತಲೇ ಇರಲಿಲ್ಲ.

ಆಮೇಲೆ ಡಾಕ್ಟರ್ ಹತ್ತಿರ ಕಳಿಸಿ ವಿಟಮಿನ್ ಡಿ ನೋಡಿಸಿದೆವು. ಕರುಳು ಕ್ಯಾಲ್ಸಿಯಂ ಹೀರಲು ಇದು ಬೇಕು, ಬಿಸಿಲು ಬಿದ್ದರೆ ಚರ್ಮದಲ್ಲೇ ತಯಾರಾಗುತ್ತದೆ. ಕಡಿಮೆ ಇತ್ತು. ನಮ್ಮೂರ ಬಿಸಿಲಿಗೆ ಹೆದರಿ ದಿನವಿಡೀ ಮನೆಯೊಳಗೇ ಇರುವ ಹೆಂಗಸರಲ್ಲಿ ಇದನ್ನು ಬಹಳ ನೋಡುತ್ತೇನೆ.

ಈಗ ಚಾರ್ಟಿನ ಮೊದಲ ಸಾಲು 'ಇವನ್ನು ಬಿಡಬೇಡಿ'. ಆ ಅಕ್ಕ ತಿಂಗಳಿಗೆ ಒಂದು ಕೆಜಿಯಂತೆ ನಿಧಾನವಾಗಿ ಇಳಿಯುತ್ತಿದ್ದಾರೆ. ದಿನಾ ಎರಡು ಬಟ್ಟಲು ಮೊಸರು, ರಾತ್ರಿ ಹೆಸರುಕಾಳು. ಕೈ ಕೂಡಿದ ಮೇಲೆ ಫಿಸಿಯೋಥೆರಪಿಸ್ಟ್ ಕಲಿಸಿದಂತೆ ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತುವುದು ಮಾಡುತ್ತಾರೆ. ಹೋದ ವಾರ ಬಂದಾಗ ತೂಕದ ಯಂತ್ರ ಹತ್ತುವ ಮೊದಲೇ ಏನೇನು ತಿಂದೆ ಅಂತ ಹೇಳಲು ಶುರು ಮಾಡಿದರು.